ಒಂದು, ಆಮೇಲೆ ನಾಲ್ಕು

ಅಮ್ಮತ್ತಿ ಪೇಟೆಯ ತಿರುವಿನಲ್ಲಿ ಸದ್ದು ಮೊದಲು ಬಂತು,
ಕಾರು ಆಮೇಲೆ.
ಓಡುವಾಗ ಸರಿ, ನಿಂತರೆ ನಡುಕ;
ಮಲೇರಿಯ ಹಿಡಿದವನ ಮಂಚದ ಹಾಗೆ
ಬಾನೆಟ್ಟು, ಕನ್ನಡಿ, ನಂಬರ್ ಪ್ಲೇಟು, ಎಲ್ಲ ಗಡಗಡ.
ಇಪ್ಪತ್ತೈದು ವರ್ಷದ ಎಸ್ಟೀಮು.
ಒಳಗೆ ಹಾಕಿ ಆಟದ ಅಂಪೈರು ಮಂದಣ್ಣ,
ಬ್ರೇಕಿನ ಮೇಲೊಂದು ಕಾಲು, ಆಕ್ಸಿಲರೇಟರಿನ ಮೇಲೊಂದು.
"ಬಿಟ್ಟರೆ ಸತ್ತೇ ಹೋಗ್ತದೆ ಮಾರಾಯ."

ಸೀಟಿನಡಿಯಿಂದ ಬಿಲ್ಲುಗಳ ಕಟ್ಟು ತೆಗೆದರು.
ಕುಶಾಲನಗರದಲ್ಲಿ ಪ್ಲಗ್ಗು, ಮೈಸೂರಲ್ಲಿ ಕಾಯಿಲು,
ಯಾರೋ ಗುಜರಿಯಿಂದ ತಂದು ಕೂರಿಸಿದ ಥ್ರಾಟಲ್ ಬಾಡಿ,
ಆಕ್ಸಿಜನ್ ಸೆನ್ಸರು ಎರಡು ಸಲ.
ಕೊನೆಯವನು ಕೈ ಒರೆಸಿಕೊಂಡು ಹೇಳಿದನಂತೆ:
ಸರ್, ಇದಕ್ಕೆ ವಯಸ್ಸಾಯ್ತು.

ನನಗೆ ಕೆಲಸ ಕಲಿಸಿದ ಉಮ್ಮರ್ ಕಾಕನಿಗೆ ಕಿವಿ ದೂರ.
ಉದ್ದದ ಸ್ಕ್ರೂಡ್ರೈವರು, ತುದಿ ಎಂಜಿನ್ನಿಗೆ, ಹಿಡಿ ಹಲ್ಲಿಗೆ;
ಕಣ್ಣು ಮುಚ್ಚಿ ತುಸು ಹೊತ್ತು ಕಚ್ಚಿ ನಿಂತು
"ನಾಲ್ಕೂ ಉರೀತಾ ಉಂಟು. ಆದ್ರೆ ಮೂಗಿನ ಮಟ್ಟ ಕುಡಿದು ಉರೀತಾ ಉಂಟು."
ಪ್ಲಗ್ಗು ಬಿಚ್ಚಿದರೆ ಹೌದು, ಕಾಡಿಗೆ.
ತಿಂಗಳಾಗಿಲ್ಲ ಹಾಕಿ, ಒಲೆಯ ಹಿಂದಿನ ಗೋಡೆಯಷ್ಟು ಕಪ್ಪು.

ಡ್ಯಾಶ್‌ಬೋರ್ಡಿನಲ್ಲಿ ಕರಿ ಟೇಪಿನ ತುಂಡೊಂದು.
ಇದೇನು?
"ಅದಾ? ಹಳದಿ ದೀಪ. ರಾತ್ರಿ ಕಣ್ಣಿಗೆ ಚುಚ್ಚುತ್ತಿತ್ತು."
ಮೂವತ್ತು ವರ್ಷ
ಹುಡುಗರ ಮೂಗಿನೆದುರು ಹಳದಿ ಕಾರ್ಡು ಹಿಡಿದ ಮನುಷ್ಯ!
ಟೇಪು ಕಿತ್ತೆ.
ಅಡಿಯಲ್ಲಿ ಉರಿಯುತ್ತಲೇ ಇತ್ತು.

ಪೇಟೆಯ ಹೊಸ ಗ್ಯಾರೇಜಿನ ಟ್ಯಾಬಿಗೆ ಈ ಕಾರಿನ ಭಾಷೆ ಬರುವುದಿಲ್ಲ,
ಅದರ ಕೇಬಲ್ಲು ಕೂರುವ ತೂತೇ ಇಲ್ಲಿಲ್ಲ.
ನನಗೆ ಹೆಂಡತಿಯ ಹೇರ್‌ಪಿನ್ನು ಸಾಕು.
ಎರಡು ಪಿನ್ನು ಸೇರಿಸಿ, ಕೀ ತಿರುಗಿಸಿ,
ಮಾತು ನಿಲ್ಲಿಸಿ ಕಾದರೆ
ದೀಪ ರೆಪ್ಪೆ ಬಡಿಯುತ್ತದೆ.

ಒಂದು.
ತಡೆದು, ನಾಲ್ಕು.
ಒಂದು.
ನಾಲ್ಕು.

ಮಂದಣ್ಣನ ಬೆರಳೂ ತೊಡೆಯ ಮೇಲೆ ಎಣಿಸುತ್ತಿತ್ತು.

ಹದಿನಾಲ್ಕು. ನೀರಿನ ಬಿಸಿ ಹೇಳುವ ಸೆನ್ಸರು.
ಎಂಜಿನ್ನಿಗೆ ಕೇಳಿಸುತ್ತಿರುವುದು: ಚಳಿ, ಹೆಪ್ಪುಗಟ್ಟುವ ಚಳಿ.
ಹೂಮಳೆಯೇ ಬಾರದ ಮಾರ್ಚಿನ ನಡುಮಧ್ಯಾಹ್ನ,
ರೇಡಿಯೇಟರು ಮುಟ್ಟಿದರೆ ಬೊಕ್ಕೆ ಏಳುವ ಹೊತ್ತಿನಲ್ಲಿ
ಈ ಕಾರಿನ ಲೆಕ್ಕದಲ್ಲಿ ಅಮ್ಮತ್ತಿಗೆ ಹಿಮ ಬೀಳುತ್ತಿದೆ.
ಪಾಪ, ಅದಕ್ಕೇ ಕುಡಿಯುತ್ತದೆ ಪೆಟ್ರೋಲು,
ಮೈ ಬೆಚ್ಚಗಾಗಲೆಂದು, ಇನ್ನಷ್ಟು, ಇನ್ನಷ್ಟು.

"ಹೊಸ ಸೆನ್ಸರು ತರಿಸುವುದಾ?"
ಮಂದಣ್ಣನ ಕೈ ಆಗಲೇ ಜೇಬಿಗೆ.
ತಾಳಿ.
ಬಿಚ್ಚಿ, ಆರಲು ಬಿಟ್ಟು,
ಜಮೀಲಾಳ ಹೋಟೆಲಿನ ಬಿಸಿನೀರಿನ ಲೋಟಕ್ಕೆ ಇಳಿಸಿ
ಮೀಟರು ಹಿಡಿದೆ. ಎರಡು ಸಾವಿರದ ಚಿಲ್ಲರೆಯಿಂದ
ಅಂಕೆ ಇಳಿಯಿತು, ಇಳಿದು ಮುನ್ನೂರಕ್ಕೆ ನಿಂತಿತು,
ಮೆಟ್ಟಿಲಿಳಿವ ಮುದುಕಿಯಂತೆ, ಒಂದೂ ತಪ್ಪದೆ.
ಸೆನ್ಸರು ಸುಳ್ಳು ಹೇಳಿಲ್ಲ.

ಆಮೇಲೆ ಬೆರಳಿನ ಕೆಲಸ, ಕಣ್ಣು ಹೋಗದ ಕಡೆ.
ಮ್ಯಾನಿಫೋಲ್ಡಿನ ಅಡಿಯಲ್ಲಿ ಮೆತ್ತಗೇನೋ.
ಎಳೆದರೆ ಕಾಫಿ ಸಿಪ್ಪೆ, ಗೋಣಿ ನಾರು,
ಯಾವುದೋ ಪಂದ್ಯದ ಅಂಕಪಟ್ಟಿಯ ಚೂರು:
ಇಲಿಯ ಬಾಣಂತಿ ಕೋಣೆ, ಖಾಲಿ.
ಅದರ ಹಿಂದೆ ಒಂದು ವೈರು,
ಹಲ್ಲಿನಷ್ಟೇ ಅಗಲಕ್ಕೆ ಕಡಿದಿದೆ.

ಎರಡಿಂಚು ವೈರು, ಸಾಸಿವೆಯಷ್ಟು ಸೀಸ,
ಮೇಲೊಂದು ತೊಗಟೆ, ಅದಕ್ಕೆ ಲೈಟರಿನ ಬಿಸಿ.
ಸ್ಟಾರ್ಟು ಮಾಡಿ, ಬಿಸಿಯಾಗುವ ತನಕ ಬಿಟ್ಟು,
ಅದೇ ಲೋಟ ಎಂಜಿನ್ನಿನ ಮೇಲಿಟ್ಟೆವು.
ನೀರು ಕುಣಿಯಲಿಲ್ಲ.
ಕಾಕ ಸ್ಕ್ರೂಡ್ರೈವರು ಕಚ್ಚಿ
ಒಳ್ಳೇ ಬೆಲ್ಲ ಸಿಕ್ಕಿದಂತೆ ಚಪ್ಪರಿಸಿದರು.

"ಎಷ್ಟಾಯ್ತು?"
ಮುನ್ನೂರು.
ಮಂದಣ್ಣ ಬಿಲ್ಲುಗಳ ಕಟ್ಟು ನೋಡಿದರು, ನನ್ನನ್ನು ನೋಡಿದರು,
ಐನೂರು ಕೊಟ್ಟು ಚಿಲ್ಲರೆಗೆ ನಿಲ್ಲದೆ ಹೋದರು.

ಮೂರನೇ ದಿನ ಫೋನು, ಶಿಳ್ಳೆ ಊದಿದಂಥ ದನಿ:
"ಏನು ರಿಪೇರಿ ಮಾಡಿದ್ದೀ? ಸಂತೆಯ ಎದುರಿಗೇ ನಿಂತುಹೋಯ್ತು.
ಕೀ ತಿರುಗಿಸಿದರೆ ಗರ್ರ್ ಅಂತ ಹಲ್ಲು ಕಡೀತದೆ!"

ಮಂದಣ್ಣ, ಕೀ ಬಿಡಿ.
ಕಿವಿಗೊಟ್ಟು ಕೇಳಿ.
ನಿಂತಿಲ್ಲ ಅದು.