ಮಗ್ಗುಲು

ರಾತ್ರಿ ಹನ್ನೊಂದು. ಇಪೋದ ಸುಣ್ಣಕಲ್ಲಿನ ಗುಡ್ಡಗಳು
ನಮ್ಮ ಗ್ಯಾರೇಜಿಗೆ ಬೆನ್ನು ಹಾಕಿ ನಿಂತಿವೆ.
ಟ್ಯೂಬ್‌ಲೈಟು ಎರಡು ಸಲ ಕಣ್ಣು ಮಿಟುಕಿಸಿ ಹತ್ತಿತು.
ನೆಲದ ಮೇಲೆ ನೀಲಿ ಟಾರ್ಪಾಲು, ಅದರ ಮೇಲೆ
ಆರು ಜನರ ಯುದ್ಧ.
ನಾನು ಏಳನೆಯವಳು. ಮಂಡಿ ಹೋದ ಮೇಲೆ ಆಡುವುದಿಲ್ಲ,
ಕಟ್ಟಿ ಕಳಿಸುತ್ತೇನೆ.

ಮೊದಲು ಮುಖಗಳು.
ಮುಖವಾಡ ಅನ್ನುವುದಿಲ್ಲ ನಾವು, ಮುಖ ಅನ್ನುತ್ತೇವೆ.
ಸಕೀನಾಳ ಮುಖ, ಕೊಕ್ ಲಿಯೊಂಗನ ಮುಖ,
ತನರಾಜನದು ಮೂಗಿನ ಹತ್ತಿರ ಸ್ಪಂಜು ಕಿತ್ತು ಬಂದಿದೆ.
ಹೋದ ಸಲವೇ ಹೇಳಿದ್ದೆ, ಅಂಟಿಸಿಕೋ ಮಾರಾಯ ಅಂತ;
ಈಗ ನಾನೇ ಅಂಟಿಸುತ್ತಿದ್ದೇನೆ.
ಒಂದೊಂದು ಗಾಜನ್ನೂ ಒರೆಸಿ, ಹಳೆಯ ಕಾಲುಚೀಲದೊಳಗೆ
ಮಲಗಿಸುತ್ತೇನೆ. ಗೀರು ಬಿದ್ದ ಗಾಜಿನಲ್ಲಿ
ಒಬ್ಬ ಶತ್ರು ಇಬ್ಬರಾಗಿ ಕಾಣುತ್ತಾನೆ.

ಆಮೇಲೆ ಗಾಳಿ.
ಸಿಲಿಂಡರುಗಳ ಕುತ್ತಿಗೆ ಹೊರಳಿಸಿ ತಾರೀಖು ಓದುತ್ತೇನೆ,
ಎಮ್ಮೆಯ ಹಲ್ಲು ನೋಡುವ ದಲ್ಲಾಳಿಯ ಹಾಗೆ.
ನಾಲ್ಕನೆಯದರ ಅವಧಿ ಮುಗಿದಿದೆ.
ಫೈಜುಲ್‌ಗೆ ಫೋನು ಮಾಡಿ, "ನಿಂದು ಹಳತಾಗಿದೆ" ಅಂದರೆ
ನಿದ್ದೆಗಣ್ಣಲ್ಲಿ ಕೇಳುತ್ತಾನೆ, "ಗಾಳಿ ಹೇಗಕ್ಕಾ ಹಳತಾಗುತ್ತೆ?"
"ಗಾಳಿಯಲ್ಲ ಕಣೋ, ಗಾಳಿ ಹಿಡಿದವನು."

ಹಬ್ಬದ ಬಿಸ್ಕತ್ತಿನ ಡಬ್ಬಿಯಲ್ಲಿ ಅಲೆನ್ ಕೀಲಿಗಳು,
ಎಣ್ಣೆಯ ಪುಟ್ಟ ಸೀಸೆ, ಬ್ಯಾಟರಿ, ರಬ್ಬರ್ ಉಂಗುರಗಳು.
ಹತ್ತು ಸೆನ್ನಿನ ಈ ಉಂಗುರ ಹರಿದರೆ
ಎರಡು ಸಾವಿರ ರಿಂಗಿಟ್ಟಿನ ಬಂದೂಕು
ಗೊರಕೆ ಹೊಡೆಯುತ್ತದೆ, ಅಷ್ಟೆ.

ಮಂಡಿಪಟ್ಟಿಗಳ ಚೀಲ ಕೊಡವಿದೆ.
ಬಿತ್ತು ಒಂದು ಕೈಗವಸು. ಎಡಗೈಯದು.
ಮಣಿಕಟ್ಟಿನ ಮೇಲೆ ನನ್ನದೇ ಕೈಬರಹ: ಜುಲ್.

ಮಾರ್ಚಿಯಲ್ಲಿ ಕ್ಲಾಂಗ್ ತಂಡಕ್ಕೆ ಹೋದ.
ಅವರು ಸಂಬಳ ಕೊಡುತ್ತಾರಂತೆ, ಬೂಟೂ ಕೊಡುತ್ತಾರಂತೆ.
ಹೋಗುವ ಮುಂಚೆ ಹೇಳಲಿಲ್ಲ. ಹೋದ ಮೇಲೆ ನಾವು ಕೇಳಲಿಲ್ಲ.
ನಾಳೆ ಪೋರ್ಟ್ ಡಿಕ್ಸನ್ನಿನಲ್ಲಿ ಎರಡನೇ ಪಂದ್ಯ ಅವರೊಡನೆ.
ಸೀಟಿ ಊದಿದ ಕೂಡಲೇ ಅವನು ಎಡಕ್ಕೆ ಓಡುತ್ತಾನೆ, ಸದಾ ಎಡಕ್ಕೆ.
ಅದು ನಮಗೆ ಗೊತ್ತು.
ನಮಗೆ ಗೊತ್ತೆಂದು ಅವನಿಗೆ ಗೊತ್ತು.

ಕೈಗವಸನ್ನು ಮೇಲಿನ ಜೇಬಿಗಿಟ್ಟೆ. ತೆಗೆದೆ.
ಚೀಲದ ತಳಕ್ಕೆ ತುರುಕಿದೆ. ತೆಗೆದೆ.
ಪಂದ್ಯಕ್ಕೆ ಮುಂಚೆ ಕೊಟ್ಟರೆ ಲಂಚ ಅನ್ನಿಸೀತು,
ಆಮೇಲೆ ಕೊಟ್ಟರೆ, ಗೆದ್ದಿದ್ದರೆ ಕೊಬ್ಬು,
ಸೋತಿದ್ದರೆ ಹೊಟ್ಟೆಕಿಚ್ಚು.
ಟಾರ್ಪಾಲಿನ ಅಂಚಿನಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಎದ್ದೆ.

ಗುಂಡಿನ ಪೆಟ್ಟಿಗೆಗಳು ನಾಲ್ಕು. ಎಂಟು ಸಾವಿರ ಬಣ್ಣದ ಹನಿ,
ಚರ್ಮ ಇಷ್ಟೇ ಇಷ್ಟು ತೆಳು. ಇಲ್ಲಿನ ಸೆಕೆಗೆ ಊದುತ್ತವೆ,
ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಚಪ್ಪಟೆಯಾಗುತ್ತವೆ,
ಚಪ್ಪಟೆ ಗುಂಡು ನೆಟ್ಟಗೆ ಹೋಗುವುದಿಲ್ಲ,
ಯಾರಿಗೋ ಗುರಿಯಿಟ್ಟರೆ ಯಾರಿಗೋ.
ವಾರದಿಂದ ಪ್ರತಿ ಸಂಜೆ ಮಗುಚುತ್ತಿದ್ದೇನೆ,
ಹಾಸಿಗೆ ಹಿಡಿದ ಅಜ್ಜಿಯನ್ನು ಅಮ್ಮ ಮಗುಚುತ್ತಿದ್ದ ಹಾಗೆ,
ಒಂದು ಕೈ ಕೆಳಗೆ, ಒಂದು ಕೈ ಮೇಲೆ,
ಏನೋ ಹಳೇ ಮಾತು ಆಡುತ್ತಾ.
ಒಳಗೆ ಸರಸರ ಸದ್ದು. ಹರಳೆಣ್ಣೆ ಬೀಜ ಸುರಿದಂತೆ.

ನಾಲ್ಕೂ ನಲವತ್ತಕ್ಕೆ ವ್ಯಾನು ಹಾರನ್ ಹೊಡೆಯಿತು.
ಸಕೀನಾ ಇಳಿದಳು, ಎರಡು ಕೈಯಲ್ಲೂ ಬಾಳೆಲೆ ಪೊಟ್ಟಣ,
ತೆಂಗಿನಹಾಲಿನ ಅನ್ನ, ಖಾರದ ಗೊಜ್ಜು.
ಎಣಿಸಿದೆ. ಎಣಿಸುವುದೇ ನನ್ನ ಕೆಲಸ.
"ಏಳು ಜನ ನಾವು. ಎಂಟು ಇದಾವೆ."
"ಲೆಕ್ಕ ತಪ್ಪಿತು," ಅಂದಳು,
ವ್ಯಾನಿನ ಟೈರಿನ ಕಡೆ ನೋಡುತ್ತಾ.

ನಾನೂ ಟೈರಿನ ಕಡೆ ನೋಡಿದೆ.
ಕೈಗವಸನ್ನು ಎಂಟನೇ ಪೊಟ್ಟಣದ ಜೊತೆಗಿಟ್ಟೆ.

ಕೊನೆಗೆ ಗುಂಡುಗಳು, ಎಸಿ ಗಾಳಿ ಬೀಳುವ ನಡು ಸೀಟಿಗೆ.
ಮನುಷ್ಯರು ಸಂದಿಯಲ್ಲಿ ಹೇಗೋ ಹೊಂದಿಕೊಂಡರು.
"ತಾಪಾಹ್ ದಾಟಿದ ಮೇಲೆ ಯಾರಾದರೂ ಮಗುಚಬೇಕು," ಅಂದೆ.
"ನಾನು ಮಗುಚ್ತೀನಿ," ಅಂದ ತನರಾಜ,
ಆಗಲೇ ನಿದ್ದೆಯಲ್ಲಿ.