ನಲವತ್ತೊಂದು ಮಣಿ

ಹೊರಗೆ ಬಳ್ಳಾರಿ ನಲವತ್ತಮೂರು ಡಿಗ್ರಿ.
ಒಳಗೆ ಇಲಿಗಳಿಗೆ ಇಪ್ಪತ್ತೆರಡು,
ನಿಯಮ ಗೋಡೆಗೆ ಅಂಟಿಸಿದೆ.
ಪಂಜರ ತೊಳೆಯುವ ಸುಂಕಮ್ಮ
ಬುತ್ತಿ ಹಿಡಿದು ಇಲ್ಲೇ ಬಂದು ಕೂರುತ್ತಾಳೆ.
"ಮುಂದಿನ ಜನ್ಮಕ್ಕ ಇಲ್ಯಾಗಿ ಹುಟ್ತೀನ್ರೀ ಮೇಡಂ,
ನಿಮ್ಮ ಕೈಗೆ ಮಾತ್ರ ಸಿಗಬಾರ್ದು ನೋಡ್ರಿ."

ನನ್ನ ಕೈ:
ಒಂದು ಪ್ಲಾಸ್ಟಿಕ್ ಕೊಳವೆ, ಉಸಿರಿಗೆ ಆರು ತೂತು.
ಒಳಹೋದ ಇಲಿ ತಿರುಗಲಾರದು.
ಅರ್ಧ ಗಂಟೆ. ಹತ್ತು ದಿನ.
ನೋವಿಲ್ಲ ಎಂದು ಅರ್ಜಿಯಲ್ಲಿ ಬರೆದಿದ್ದೇನೆ,
ಸಮಿತಿ ಮೊಹರು ಒತ್ತಿದೆ.
ಹನ್ನೊಂದನೆಯ ದಿನದ್ದು ಇಲ್ಲಿ ಬರೆಯುವುದಿಲ್ಲ.

ಆ ಅರ್ಧ ಗಂಟೆಯಲ್ಲಿ
ಮಿದುಳಿನ ತಳದ ಸೀಳುಗೆರೆಯಷ್ಟು ನೀರಿನ
ಎರಡೂ ದಡದ ಕೋಶಗಳು
ನಲವತ್ತೊಂದು ಮಣಿ ಪೋಣಿಸಿದ ಸರವೊಂದನ್ನು
ಕೆಳಗಿನ ಗ್ರಂಥಿಗೆ ಇಳಿಬಿಡುತ್ತವೆ.
ಗ್ರಂಥಿ ರಕ್ತಕ್ಕೆ ಹೇಳುತ್ತದೆ,
ರಕ್ತ ಮೂತ್ರಪಿಂಡದ ನೆತ್ತಿಗೆ,
ಅಲ್ಲಿಂದ ಮೈಯೆಲ್ಲ ಎಚ್ಚರ.
ಓಡು ಅನ್ನುವ ಮಾತು ನಾಲ್ಕೂ ಕಾಲಿಗೆ ತಲುಪುತ್ತದೆ,
ಓಡಲು ಜಾಗವಿಲ್ಲ.

ಇನ್ನೊಂದು ದಾರಿ ಬಾದಾಮಿಗೆ ಹೋಗುತ್ತೆ, ಎಂದೆ ಒಮ್ಮೆ.
ಸುಂಕಮ್ಮ ರೊಟ್ಟಿ ಮುರಿಯುವುದು ನಿಲ್ಲಿಸಿದಳು.
"ಗದಗಿನ ಮ್ಯಾಲ ಹೋಗ್ತದೋ, ಇಳಕಲ್ ಮ್ಯಾಲೋ?"
ಊರಲ್ಲವ್ವ, ಬೀಜ.
ತಲೆಯೊಳಗೆ ಆ ಆಕಾರದ್ದೊಂದು ಗಂಟಿದೆ,
ದಿಗಿಲು ಅಲ್ಲಿ ಕೂತಿರುತ್ತೆ.
ಸ್ವಲ್ಪ ಹೊತ್ತು ಅಗಿದಳು.
"ಹಂಗಾರ ನಂದು ತೆಂಗಿನಕಾಯಿ ಇದ್ದೀತು."

ಮಿದುಳನ್ನು ಹಿಮಗಟ್ಟಿಸಿ
ಕೂದಲಿನ ಅರ್ಧ ದಪ್ಪಕ್ಕೆ ಕೊಯ್ದು,
ಕುಂಚದ ತುದಿಯಿಂದ ಗಾಜಿಗೆ ಏರಿಸಿ,
ಕತ್ತಲೆ ಕೋಣೆಯಲ್ಲಿ ನೋಡುತ್ತೇನೆ.
ಹಸಿರು ಕಂಡಲ್ಲಿ ಆ ಸರ.
ಕೊಳವೆಗೆ ಹೋದವು ಹೊಳೆದವು,
ಕಾಲುವೆಗೆ ನೀರು ಬಿಟ್ಟ ತಿಂಗಳು
ಸಿರುಗುಪ್ಪ ರಸ್ತೆಯ ಭತ್ತ ಹೊಳೆಯುವ ಹಾಗೆ.
ಹೋಗದವು ಮಂಕಾಗಿರಬೇಕು. ಇದ್ದವು.
ಹದಿನೇಳನೆಯದು ಹೋಗಿರಲಿಲ್ಲ.
ಹೊಳೆಯಿತು.

ಬಣ್ಣ ಹೆಚ್ಚಾಗಿದೆ, ಇನ್ನೊಮ್ಮೆ ತೊಳೆ, ಎಂದರು ಗೈಡ್.
ತೊಳೆದೆ. ಹೊಳೆಯಿತು.
ದಿನಚರಿ ಪುಸ್ತಕ ತಿರುವಿದೆ:
ತೂಕ, ನೀರು, ಹೊಟ್ಟು ಬದಲಿಸಿದ ತಾರೀಖು.
ಯಾರೂ ಅದನ್ನು ಮುಟ್ಟಿಲ್ಲ.

"ಹದಿನೇಳಾ? ಮೂಲ್ಯಾಗಿಂದು," ಎಂದಳು ಸುಂಕಮ್ಮ.
"ನೀವು ಉಳಿದೋರ್ನ ತುಂಬೂವಾಗೆಲ್ಲ
ಹಿಂಗಾಲ ಮ್ಯಾಲ ನಿಂತು ನೋಡ್ತಿತ್ರೀ."

ಅದರ ಪಂಜರ ನನ್ನ ಮೇಜಿಗೆ ಮೊಳ ದೂರ.
ಮುನ್ನೂರು ನಿಮಿಷ
ನಾನು ಗಡಿಯಾರ ನೋಡುತ್ತಿದ್ದೆ.

ಅಮ್ಮ ಜೀನ್ಸ್ ಕಾರ್ಖಾನೆಯಲ್ಲಿ ಜೇಬು ಹೊಲಿಯುತ್ತಿದ್ದಳು,
ಉಗುರ ಸಂದಿ ಸದಾ ನೀಲಿ.
ಬೈಸಿಕೊಂಡವಳು ಪಕ್ಕದ ಮಿಷನ್ನಿನ ಶಂಷಾದ್‌ಬಿ,
ಲೆಕ್ಕದಲ್ಲಿ ಎರಡು ಝಿಪ್ ಕಡಿಮೆ ಬಂದದ್ದಕ್ಕೆ.
ರಾತ್ರಿ ತಟ್ಟೆ ಬಿಟ್ಟು ಎದ್ದವಳು ಅಮ್ಮ.
ನಿನಗೇನಾಯ್ತು ಎಂದರೆ
ಏನಿಲ್ಲ, ನನಗೇನೂ ಅಂದಿಲ್ಲ, ಎಂದಳು.
ಅದು ನಿಜವೂ ಆಗಿತ್ತು.

ತಣಿಸುವ ಸರವೂ ಒಂದಿದೆ, ಮೂವತ್ತಾರು ಮಣಿಯದು,
ಅದೇ ಬಾದಾಮಿಯಲ್ಲಿ.
ಅದನ್ನು ತೋರಿಸುವ ದ್ರಾವಣ ದುಬಾರಿ,
ಮುಂದಿನ ಅನುದಾನಕ್ಕೆ ಕೇಳಿದ್ದೇವೆ.
ಅಲ್ಲಿಯವರೆಗೆ ಹದಿನೇಳರ ಮುಂದೆ
ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ:
ಲೆಕ್ಕದಿಂದ ಬಿಡಬಹುದು.

ನಿನ್ನೆ ಹೊಸ ತಂಡ ಬಂತು, ಇಪ್ಪತ್ತನಾಲ್ಕು.
ಮಧ್ಯಾಹ್ನ ಕರೆಂಟು ಹೋಗಿ
ಇಪ್ಪತ್ತೆರಡು ಮೂವತ್ತಕ್ಕೆ ಏರಿತು.
ಒದ್ದೆ ಗೋಣಿಚೀಲ ಹೊದಿಸುತ್ತಾ ಬಂದ ಸುಂಕಮ್ಮ
ಮೂಲೆಯ ಪಂಜರಕ್ಕೆ ಮಾತ್ರ
ತನ್ನ ಹಳೆ ಸೀರೆ ಅಡ್ಡ ಕಟ್ಟಿದಳು,
ನೋಡದಿರಲಿ ಎಂದು.

ಕಣ್ಣಿಗಿಂತ ಮೂಗಿನಿಂದಲೇ ಇಲಿಗೆ ಲೋಕ,
ಭಯದ ವಾಸನೆಗೆ ಸೀರೆ ತಡೆಯಲ್ಲ.
ಅವಳಿಗೆ ನಾನದನ್ನು ಹೇಳಲಿಲ್ಲ.
ಗಂಟು ಸಡಿಲಿತ್ತು,
ಬಿಗಿ ಮಾಡಿದೆ.