ಬತ್ತಿ

ದೂರು ಬಂದದ್ದು ಕೆಳಗಿನ ಕ್ಷೌರದಂಗಡಿಯಿಂದ:
ನಿಮ್ಮ ಏಸಿಯ ನೀರು ನನ್ನ ಗಿರಾಕಿಯ ತಲೆಗೆ,
ಈಗಷ್ಟೇ ದುಡ್ಡು ಕೊಟ್ಟು ಬಾಚಿಸಿಕೊಂಡ ತಲೆಗೆ,
ಬಾಗಿಲಲ್ಲೇ ತೊಟ್ಟಿಕ್ಕುತ್ತಿದೆ.

ತಪ್ಪು ನಮ್ಮದೇ. ಆದರೆ ಮುಹರ್ರಕ್ಕಿನ ಆಗಸ್ಟಿನಲ್ಲಿ
ಏಸಿ ನಿಲ್ಲಿಸುವುದೂ ಉಸಿರು ನಿಲ್ಲಿಸುವುದೂ ಒಂದೇ.
ಪೇಂಟಿನ ಖಾಲಿ ಡಬ್ಬಿಯನ್ನು ಪೈಪಿನ ಬಾಯಿಗಿಟ್ಟೆ.
ರಾತ್ರಿಯಿಡೀ ಟಪ್, ಟಪ್.
ಬೆಳಿಗ್ಗೆ ನೋಡಿದರೆ
ಡಬ್ಬಿ ತುಂಬಿ ತುಳುಕಿ ಚಪ್ಪಲಿ ತೇಲುತ್ತಿದೆ.

ಸುತ್ತ ಸಮುದ್ರ, ನಲ್ಲಿಯಲ್ಲಿ ಉಪ್ಪಿನ ನೆನಪು,
ಕುಡಿಯುವ ಕ್ಯಾನಿಗೆ ತಿಂಗಳ ಲೆಕ್ಕ.
ಇದೋ, ಗಾಳಿಯನ್ನು ಹಿಂಡಿ ತೆಗೆದದ್ದು. ಬಿಟ್ಟಿ.
ಚೆಲ್ಲಲು ಕೈ ಬರಲಿಲ್ಲ.

ಹೊಲಿಗೆ ಮಿಷನ್ನಿಗೆ ಫೋನು ಒರಗಿಸಿ ಹುಡುಕಿದೆ.
ಕನ್ನಡದಲ್ಲಿ ಒಬ್ಬಾಕೆ ಸಿಕ್ಕಳು;
ಮುಖ ತೋರಿಸುವುದಿಲ್ಲ, ಕೈ ಮಾತ್ರ,
ಉಗುರಲ್ಲಿ ಮಣ್ಣು, ಮಾತಲ್ಲಿ ಅವಸರವಿಲ್ಲ.
ನೆಟ್ಟು ಎರಡು ದಿನ ಎಳೆಬಿಸಿಲಿಗೆ ಇಡಿ, ಅಂದಳು.
ಅಕ್ಕಾ, ಇಲ್ಲಿ ಬಿಸಿಲು ಎಳೆಯದಾಗಿ ಹುಟ್ಟುವುದೇ ಇಲ್ಲ,
ಮೀಸೆ ಹೊತ್ತುಕೊಂಡೇ ಹುಟ್ಟುತ್ತದೆ.
ಮನಾಮದ ಬಂಗಾಳಿ ಅಂಗಡಿಯ ಕಟ್ಟಿನಿಂದ
ಆರಿಸಿ ತಂದು ಊರಿದ ಬಸಳೆ ದಂಟು
ಮೂರನೇ ದಿನಕ್ಕೆ ಹಪ್ಪಳ.

ಎರಡನೇ ದಂಟನ್ನು ಬಾಗಿಲೊಳಗೆ, ಪರದೆಯ ಮರೆಗೆ ಇಟ್ಟೆ.
ಪಾಠ ಮುಂದುವರಿಯಿತು (ನಡುನಡುವೆ ತೆರೆಯ ಮೇಲೆ
ಗಿರಗಿರ ತಿರುಗುವ ಚಕ್ರ):
ಡಬ್ಬಿಗೆ ಬಟ್ಟೆಯ ಬತ್ತಿ ಇಳಿಬಿಡಿ,
ಇನ್ನೊಂದು ತುದಿಯನ್ನು ಬೇರಿನ ಬಳಿ ಹೂಳಿ,
ಗಿಡ ತನಗೆ ಬೇಕಾದಷ್ಟು ತಾನೇ ಕುಡಿಯುತ್ತದೆ.

ಬಟ್ಟೆಗೇನು ಬರ ನನ್ನ ಮನೆಯಲ್ಲಿ?
ಥೋಬು ಹೊಲಿದು ಉಳಿದ ಬಿಳಿ ಚೂರು ಮೂಟೆಗಟ್ಟಲೆ.
ಹೊಸೆದೆ, ಇಳಿಬಿಟ್ಟೆ, ಕಾದೆ.
ಮೇಲಿನ ತುದಿ ಒಣಗಿಯೇ ಇತ್ತು.
ಮತ್ತೆ ವಿಡಿಯೋ ನೋಡಿದೆ, ಮತ್ತೆ ಹೊಸೆದೆ.
ಬೆರಳಿಗೆ ಎಂದೋ ಗೊತ್ತಿದ್ದದ್ದು
ತಲೆಗೆ ಮಧ್ಯಾಹ್ನ ಹೊಳೆಯಿತು:
ಇದು ಪಾಲಿಯೆಸ್ಟರು. ಸುಕ್ಕಾಗದು, ಬೆವರು ಹೀರದು,
ಯಾರನ್ನೂ ಒಳಗೆ ಬಿಟ್ಟುಕೊಳ್ಳದ ಜಾತಿ.
ಇಷ್ಟನ್ನು ಆಕೆ ಹೇಳಿರಲಿಲ್ಲ. ಆಕೆ ದರ್ಜಿಯಲ್ಲ.

ಸೂಟ್‌ಕೇಸಿನ ತಳದಿಂದ ಮಗಳ ತೊಟ್ಟಿಲ ಬಟ್ಟೆ ತೆಗೆದೆ.
ಒಗೆದೊಗೆದು ಹೆಸರೇ ಮರೆತ ಹತ್ತಿ.
ಹರಿದ ಸದ್ದಿಗೆ ಶಹೀಮಾ ಟ್ಯಾಬಿನಿಂದ ತಲೆಯೆತ್ತಿದಳು.
"ಅದು ನಂದಲ್ವಾ ಉಮ್ಮಾ?"
"ನಿಂದೇ. ಇನ್ನು ಬಸಳೆಯದು."

ಅವಳು ಕುಕ್ಕರಗಾಲಲ್ಲಿ ಕೂತು ನೋಡಿದಳು,
ನೀರು ನೂಲು ಹಿಡಿದು ಹತ್ತುವುದನ್ನು.
"ಇದು ನಮ್ಮ ಆನ್‌ಲೈನ್ ಕ್ಲಾಸಲ್ಲಿ ಬಂದಿದೆ,
ಕ್ಯಾಪಿಲರಿ ಆಕ್ಷನ್!"
ಕಾಪು ಹೈಸ್ಕೂಲಿನ ಮೂರನೇ ಬೆಂಚಲ್ಲಿ
ನಾನು ಬಿಟ್ಟುಬಂದ ಪದವೊಂದು
ಇಪ್ಪತ್ತು ವರ್ಷದ ಮೇಲೆ, ಯಾರೂ ಎಳೆಯದೆ, ಮೇಲೇರಿತು:
ಕೇಶಾಕರ್ಷಣೆ.
"ಕೇಶ ಅಂದ್ರೆ?" "ಕೂದಲು."
"ನೀರಿಗೂ ಕೂದಲಿಗೂ ಏನು ಸಂಬಂಧ?"
"ಕೆಳಗೆ ಹೋಗಿ ಕೇಳು ಆ ಕ್ಷೌರದವನನ್ನ!"
ನಕ್ಕು ನಕ್ಕು ಇಬ್ಬರಿಗೂ ಬಿಕ್ಕಳಿಕೆ.
ಆಮೇಲೆ ಹೇಳಿದೆ, ನನಗೆ ನಾನೇ ಹೇಳಿಕೊಂಡ ಹಾಗೆ:
ಕೂದಲೆಳೆಯಷ್ಟು ದಾರಿ ಸಿಕ್ಕರೆ ಸಾಕು ಅದಕ್ಕೆ.

ಅಕ್ಟೋಬರಿನಲ್ಲಿ ಬಳ್ಳಿ ಡಿಶ್ಶಿನ ವೈರು ಹಿಡಿಯಿತು.
ಕಾವಲಿನ ಶೊಫೀಕುಲ್ ಎಲೆ ಮುರಿದು ಮೂಸಿ
"ಪುಂಯಿ!" ಅಂದ, ಕಳೆದ ಕೊಡೆ ಸಿಕ್ಕವನಂತೆ.
ಅವನಿಗೆ ಯಾವ ವಿಡಿಯೋವೂ ಬೇಕಾಗಲಿಲ್ಲ.
ಕ್ಷೌರದವನೋ, ಶಾಂಪೂವಿನ ಖಾಲಿ ಕ್ಯಾನು ಕಳಿಸಿದ್ದಾನೆ,
ಏಕೆಂದು ಹೇಳಿಲ್ಲ.

ಇವತ್ತು ಶುಕ್ರವಾರ. ಶಹೀಮಾ ಫೋನು ಹಿಡಿದು ನಿಂತಿದ್ದಾಳೆ.
ಮುಖ ಬೇಡ ಅಂದೆ, ಕೈ ಮಾತ್ರ.
ಬೆರಳಲ್ಲಿ ಅಂಗುಷ್ಠಾನ ಹಾಗೇ ಇದೆ, ತೆಗೆಯಲು ಮರೆತೆ.
ಹಿಂದೆ ಟಪ್, ಟಪ್.
"ಶುರು ಮಾಡು ಉಮ್ಮಾ."
ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ:
ಮೊದಲು ಬಟ್ಟೆಯನ್ನು ಮುಟ್ಟಿ ನೋಡಿ.